ಪೆನ್ಸಿಲ್‌ನಲ್ಲಿ ಬರೆದ ಅಳತೆ

ನಮ್ಮ ಟೇಪಕ್ಕನನ್ನು ಬೀದಿಯಲ್ಲಿ ಕಂಡರೆ ನೀವು ತಿರುಗಿ ಕೂಡ ನೋಡುವುದಿಲ್ಲ. ಬೂದು ಬಣ್ಣದ ಸ್ವೆಟರು, ಗಂಡಸರ ಕೈಗಡಿಯಾರ, ಹೆಗಲಿಂದ ಜೋತುಬಿದ್ದ ಚೀಲ. ಬೆಳಗಿನ ಬಸ್ಸಿನಲ್ಲಿ ಅಂಥವರು ಹತ್ತು ಜನ ಸಿಗುತ್ತಾರೆ. ಆದರೆ ಅವಳನ್ನು ಕಂಡ ಕೂಡಲೇ ಬೇಕೆಂದೇ ಮುಖ ತಿರುಗಿಸುವ ಹೆಂಗಸರು ಈ ಊರಲ್ಲಿ ನೂರಾರು ಜನ ಇದ್ದಾರೆ. ಅವರಲ್ಲಿ ಒಬ್ಬಳಿಗೂ ಇವಳು ಕೆಟ್ಟದ್ದು ಮಾಡಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಆ ಪೈಕಿಯವರು.

ಅವಳು ನನ್ನ ದೊಡ್ಡಮ್ಮನ ಮಗಳು, ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಇಪ್ಪತ್ತಮೂರು ವರ್ಷ ಒಂದೇ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದಳು. ಅದು ಹೆಂಗಸರ ಮೊಲೆಗೆ ಆಪರೇಷನ್ ಮಾಡಿ, ಒಳಗೆ ಜೆಲ್ ತುಂಬಿದ ಚೀಲವಿಟ್ಟು ದೊಡ್ಡದು ಮಾಡುವ, ಒಂದು ಚಿಕ್ಕದಿದ್ದರೆ ಇನ್ನೊಂದಕ್ಕೆ ಸರಿಮಾಡುವ ಕ್ಲಿನಿಕ್ಕು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮುಜುಗರವಾದರೆ ಇಲ್ಲಿಗೇ ನಿಲ್ಲಿಸಬಹುದು. ದೊಡ್ಡಮ್ಮ ಮಾತ್ರ ಸಾಯುವ ತನಕ ನೆರೆಹೊರೆಗೆಲ್ಲ "ನನ್ ಮಗಳು ಎದೆ ಆಸ್ಪತ್ರೇಲಿದಾಳೆ" ಅಂತಲೇ ಹೇಳಿಕೊಂಡು ಬಂದಳು. ಅದನ್ನು ನಂಬಿ ಪಕ್ಕದ ಮನೆಯ ಮುದುಕ ಕೆಮ್ಮುತ್ತಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅಕ್ಕ ಅವನನ್ನೂ ಕೂರಿಸಿ, ಬೆನ್ನಿಗೆ ಕಿವಿಗೊಟ್ಟು ಕೇಳಿ, ಸಿಗರೇಟು ಬಿಡಿ ಎಂದು ಹೇಳಿ ಕಳಿಸುತ್ತಿದ್ದಳು.

ಟೇಪಕ್ಕ ಅನ್ನುವ ಹೆಸರು ಕ್ಲಿನಿಕ್ಕಿನವರು ಇಟ್ಟದ್ದು. ಬೇರೆ ನರ್ಸುಗಳ ಕೊರಳಲ್ಲಿ ಸರ ಇದ್ದರೆ ಇವಳ ಕೊರಳಲ್ಲಿ ಅಳತೆಯ ಟೇಪು. ಆಪರೇಷನ್ ಡಾಕ್ಟರದ್ದು, ಅಳತೆ ಅಕ್ಕನದ್ದು. ಕ್ಲಿನಿಕ್ಕಿನ ಒಡೆಯರಾಗಿದ್ದ ಹಳೇ ಡಾಕ್ಟರು, ಬಂದವರ ಎದುರಿಗೇ "ನನ್ ಕೈ ಅರ್ಧ, ಇವಳ ಟೇಪು ಅರ್ಧ" ಎನ್ನುತ್ತಿದ್ದರು. ಬರುವವರು ಯಾರದೋ ಫೋಟೋ ಹಿಡಿದುಕೊಂಡು ಬರುತ್ತಿದ್ದರು, ಇದೇ ಥರ ಬೇಕು ಅಂತ. ಅಕ್ಕ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದಳು.

"ಇದು ಅವಳ ಎದೆ. ನಿಮ್ದು ತೋರ್ಸಿ."

ಆಮೇಲೆ ನಿಲ್ಲಿಸಿ ಅಳೆಯುವಳು, ಕೂರಿಸಿ ಅಳೆಯುವಳು. ಬುಡದ ಅಗಲ ಎಷ್ಟು, ಕೊರಳ ಮೂಳೆಯಿಂದ ಎಷ್ಟು ಕೆಳಗೆ, ಚಿವುಟಿದರೆ ಚರ್ಮ ಎಷ್ಟು ದಪ್ಪ ಕೈಗೆ ಸಿಗುತ್ತದೆ. ಎಲ್ಲ ನೋಡಿ, ಒಳಗಿಡುವ ಚೀಲ ಎಷ್ಟು ಮಿಲಿಲೀಟರಿನದು ಎಂದು ಒಂದು ಸಂಖ್ಯೆ ಹೇಳುವಳು. ಆ ಸಂಖ್ಯೆ ಕೇಳಿ ಮುಖ ಸಣ್ಣಗೆ ಮಾಡಿಕೊಳ್ಳದವರೇ ಇರಲಿಲ್ಲ.

"ಅಷ್ಟೇನಾ ಸಿಸ್ಟರ್?"

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಮ್ಮ. ಜಾಸ್ತಿ ತುರುಕಿದ್ರೆ ಆರು ತಿಂಗಳು ಚೆನ್ನಾಗಿರುತ್ತೆ. ಆಮೇಲೆ ಚರ್ಮ ತೆಳು ಆಗಿ ಅಂಚು ಕಾಣುತ್ತೆ, ಗಾಯ ಬಾಯ್ಬಿಡುತ್ತೆ. ನೋಡಿದವರಿಗೆ ಮಾಡ್ಸಿಕೊಂಡಿದಾಳೆ ಅಂತ ಗೊತ್ತಾದ್ರೆ ನಾನು ಕೆಲ್ಸ ಕೆಡಿಸ್ದೆ ಅಂತ ಅರ್ಥ."

ಅದಕ್ಕೂ ಜಗ್ಗದವರಿಗೆ ಅಕ್ಕಿ ಪರೀಕ್ಷೆ. ಆ ಸಂಖ್ಯೆಯಷ್ಟು ಅಕ್ಕಿಯನ್ನು ಗಾಜಿನ ಅಳತೆಲೋಟದಲ್ಲಿ ತುಂಬಿ, ತೆಳು ಕಾಲುಚೀಲಕ್ಕೆ ಸುರಿದು, ಗಂಟು ಕಟ್ಟಿ ಕೊಡುವಳು. ಮೂರು ದಿನ ಒಳಗಿಟ್ಟುಕೊಂಡು ಮೆಟ್ಟಿಲು ಹತ್ತಬೇಕು, ಬಟ್ಟೆ ಒಣಹಾಕಬೇಕು, ಬಸ್ಸಿಗೆ ಓಡಬೇಕು. ದೊಡ್ಡದು ಬೇಕೆಂದು ಹಟ ಹಿಡಿದವರಿಗೆ ದೊಡ್ಡ ಗಂಟನ್ನೇ ಕೊಡುವಳು. ನಾಲ್ಕನೆಯ ದಿನ ಅವರೇ ಬಂದು ಬೆನ್ನು ಹಿಡಿದುಕೊಂಡು "ನೀವ್ ಹೇಳಿದ್ದೇ ಇರ್ಲಿ" ಅನ್ನುವರು.

ಇನ್ನು ಪೆನ್ಸಿಲ್ಲಿನ ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ, ಏಕೆಂದರೆ ಅಕ್ಕನ ಕುತ್ತಿಗೆಗೆ ಬಂದದ್ದು ಇದೇ. ಪ್ರತಿಯೊಬ್ಬರಿಗೂ ಒಂದು ಅಳತೆಯ ಹಾಳೆ. ಅಕ್ಕ ಅದರಲ್ಲಿ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆದು ಕೆಳಗೆ ತನ್ನ ಸಹಿ ಹಾಕುವಳು. ಆಪರೇಷನ್ ದಿನ ಬೆಳಿಗ್ಗೆ ಹಳೇ ಡಾಕ್ಟರು ಬಂದು, ಆಕೆಯನ್ನು ಮತ್ತೆ ನಿಲ್ಲಿಸಿ ಅಳೆಸಿ, ಸರಿ ಎನಿಸಿದ ಮೇಲೆ ಅಕ್ಕನ ಪೆನ್ಸಿಲ್ ಅಂಕಿಯ ಮೇಲೆಯೇ ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ತಮ್ಮ ಸಹಿ ಹಾಕುವರು. ಪೆನ್ನು ಬಿದ್ದ ಮೇಲೇ ಚಾಕು. ಇದು ಅವರಿಬ್ಬರ ನಡುವಿನ ಪದ್ಧತಿ. ಎಲ್ಲೂ ಬರೆದಿಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಇಲ್ಲ.

ನಾನು ಇಷ್ಟೆಲ್ಲ ಹೇಗೆ ಬಲ್ಲೆ? ನನ್ನದು ಎರಡು ಕುರ್ಚಿಯ ಬ್ಯೂಟಿ ಪಾರ್ಲರು. ಆಪರೇಷನ್ ಆದ ಮೇಲೆ ಕೆಲವು ದಿನ ಕೈಯನ್ನು ಹೆಗಲಿಂದ ಮೇಲಕ್ಕೆ ಎತ್ತುವಂತಿಲ್ಲ; ತಲೆ ತೊಳೆದುಕೊಳ್ಳುವುದು ಹೇಗೆ? ಅಕ್ಕ ಅವರನ್ನು ನನ್ನ ಹತ್ತಿರ ಕಳಿಸುತ್ತಿದ್ದಳು. ನಾನು ಒಂದು ಮಾತೂ ಕೇಳದೆ ತಲೆ ತೊಳೆದು, ಒಣಗಿಸಿ, ಜಡೆ ಹಾಕಿ ಕಳಿಸುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ಮಾಡಿದ್ದು ನನ್ನ ಜನ್ಮದಲ್ಲಿ ಅದೊಂದೇ ಕೆಲಸ.

ಅದು ಒಂದು ಕಾರಣ. ಇನ್ನೊಂದು ಕಾರಣ, ಅಕ್ಕನ ಟೇಪು ನನ್ನ ಎದೆಯ ಮೇಲೂ ಓಡಾಡಿದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ನನಗೆ ಬಲಗಡೆ ಬೆಳೆಯಿತು, ಎಡಗಡೆ ಮರೆತುಹೋಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಾದು ಮೂವತ್ತಾಯಿತು. ಅಷ್ಟು ವರ್ಷವೂ ಎಡಗಡೆಗೆ ಮಡಚಿದ ಕರ್ಚೀಫು. ಒಂದು ದಿನ ಪಾರ್ಲರಿನಲ್ಲಿ ಒಬ್ಬಳ ಹುಬ್ಬು ತೀಡಲು ಬಗ್ಗಿದಾಗ ಅದು ಜಾರಿ ಆಕೆಯ ಮುಖದ ಮೇಲೆಯೇ ಬಿತ್ತು. ಆಕೆ ಕಣ್ಣು ಮುಚ್ಚಿಕೊಂಡೇ ಇದ್ದಳು. "ಬೆವರು ಒರೆಸ್ಕೊಳ್ಳಿ" ಅಂದೆ. ಒರೆಸಿಕೊಂಡು ವಾಪಸ್ ಕೊಟ್ಟಳು. ಅವತ್ತು ಅಂಗಡಿ ಮುಚ್ಚಿ ಒಳಗೆ ಕೂತು ಅತ್ತೆ. ಮಾರನೆಯ ದಿನ ಅಕ್ಕನ ಕ್ಲಿನಿಕ್ಕಿಗೆ ಹೋದೆ.

ಅಕ್ಕ ನನ್ನನ್ನು ಮೂರು ದಿನ, ಮೂರು ಸಲ ಅಳೆದಳು. ಎಡಕ್ಕೆ ಒಂದು ಅಳತೆ, ಬಲಕ್ಕೆ ಒಂದು ಚಿಕ್ಕ ಅಳತೆ. "ಎರಡೂ ಕನ್ನಡಿಯಲ್ಲಿ ಕಂಡಂಗೆ ಒಂದೇ ಥರ ಆಗ್ಬಾರ್ದು. ದೇವರು ಯಾರಿಗೂ ಹಂಗೆ ಕೊಟ್ಟಿಲ್ಲ. ಒಂದು ಕೂದಲೆಳೆ ವ್ಯತ್ಯಾಸ ಇದ್ರೇನೇ ಅದು ನಿಂದು" ಅಂದಳು. ಆಪರೇಷನ್ ಆದ ಮೇಲೆ ಒಂದು ಕಾರ್ಡು ಕೊಟ್ಟು, ಒಳಗಿಟ್ಟದ್ದು ಯಾವುದು, ಎಷ್ಟು, ಯಾವ ನಂಬರು ಎಂದು ಇದರಲ್ಲಿದೆ, ಜೋಪಾನ ಎಂದಳು. ಅತ್ತೆಯ ಕೈಗೆ ಸಿಕ್ಕೀತೆಂದು ಹೆದರಿ ಅದನ್ನು ನಾನು ಹರಿದುಹಾಕಿದೆ. ನನ್ನ ಗಂಡನಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ, ನಾದಿನಿಗೆ ಗೊತ್ತಿಲ್ಲ, ಪಾರ್ಲರಿಗೆ ಬರುವ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಅಕ್ಕನ ಕೆಲಸ ಅಂಥದ್ದು. ನನ್ನ ಪಾಲಿಗೆ ಬದುಕಿನಲ್ಲಿ ಮೊದಲ ಸಲ ನೆಟ್ಟಗೆ ನಿಲ್ಲುವುದು ಸಾಧ್ಯವಾಯಿತು.

ಹಳೇ ಡಾಕ್ಟರು ತೀರಿಕೊಂಡರು. ಮಗ ಬಂದ. ಮರಿ ಡಾಕ್ಟರು ಎಂದು ಎಲ್ಲರೂ ಕರೆಯುತ್ತಿದ್ದರು. ಬಂದವನೇ ಕಾಯುವ ಕೋಣೆಗೆ ಹೊಸ ಸೋಫಾ ಹಾಕಿಸಿದ, ಗೋಡೆಗೆ ನಗುವ ಹೆಂಗಸರ ಚಿತ್ರ ತೂಗುಹಾಕಿಸಿದ, ಅಕ್ಕಿ ಪರೀಕ್ಷೆ ನಿಲ್ಲಿಸಿದ. ಕ್ಲಿನಿಕ್ಕು ಅಂದರೆ ದಿನಸಿ ಅಂಗಡಿ ಅಲ್ಲವಂತೆ. ಫೋಟೋ ತಂದವರ ಫೋಟೋವನ್ನು ಬೋರಲು ಹಾಕಬಾರದು, ಕೇಳಿದ್ದನ್ನು ಕೊಡಬೇಕಂತೆ. ಪೆನ್ನಿನ ಅಭ್ಯಾಸ ಅವನಿಗಿರಲಿಲ್ಲ. ಅಕ್ಕ ಎರಡು ಸಲ ಹೇಳಿದಳು, "ಸರ್, ನಿಮ್ ತಂದೆ ಪೆನ್ನಲ್ಲಿ ತಿದ್ದಿ ಸಹಿ ಹಾಕ್ತಿದ್ರು." ಅವನು "ಆಯ್ತು, ನೋಡೋಣ" ಅಂದ. ಇವಳಾದರೂ ಅವತ್ತಿನಿಂದ ತಾನೇ ಪೆನ್ನು ಹಿಡಿಯಬಾರದಿತ್ತೇ? ನಾನು ಎಷ್ಟು ಸಲ ಬೈದಿದ್ದೇನೆ.

"ಪೆನ್ನು ಡಾಕ್ಟರ್ದು ಕಣೇ. ನರ್ಸು ಪೆನ್ನಲ್ಲಿ ಬರೆದ್ರೆ ಡಾಕ್ಟರು ಮತ್ತೆ ಅಳೆದು ನೋಡಲ್ಲ" ಅಂದಳು ಅವಳು. ಸತ್ತವರ ಪದ್ಧತಿಯನ್ನು ಬದುಕಿದ್ದವನೂ ಪಾಲಿಸುತ್ತಾನೆ ಎಂದು ನಂಬಿ ಕೂತಳು. ಅಷ್ಟೇ ಅವಳ ತಪ್ಪು.

ಒಬ್ಬಳು ಹುಡುಗಿ ಬಂದಳು. ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂರುವ ಕೆಲಸ, ಇಪ್ಪತ್ತಾರು ವರ್ಷ, ಕಡ್ಡಿಯಂಥ ಮೈ. ಅಕ್ಕ ಅಳೆದು ಇನ್ನೂರ ನಲವತ್ತು ಎಂದು ಪೆನ್ಸಿಲ್‌ನಲ್ಲಿ ಬರೆದು ಸಹಿ ಹಾಕಿದಳು. ಚರ್ಮ ತೀರಾ ತೆಳು, ಇದಕ್ಕಿಂತ ಒಂದು ತೊಟ್ಟೂ ಹೆಚ್ಚು ಬೇಡ ಎಂದು ಹುಡುಗಿಗೂ ಹೇಳಿದಳು. ಹುಡುಗಿ ಮರಿ ಡಾಕ್ಟರ ಕೋಣೆಗೆ ಹೋಗಿ ಫೋನಿನಲ್ಲಿ ಯಾವುದೋ ಚಿತ್ರ ತೋರಿಸಿದಳು. ಅವನು ಮುನ್ನೂರ ಎಪ್ಪತ್ತೈದು ಹಾಕಿದರೆ ಹೀಗೇ ಆಗುತ್ತದೆ ಎಂದ.

"ಆದ್ರೆ ಸಿಸ್ಟರ್ ಬೇಡ ಅಂದ್ರಲ್ಲ?"

"ಟೇಪಕ್ಕಂಗೆ ಹೇಳಿದೀನಿ. ಅವರೂ ಒಪ್ಪಿದಾರೆ."

ಆಪರೇಷನ್ ದಿನ ಬೆಳಿಗ್ಗೆ ಅಕ್ಕನನ್ನು ವಾರ್ಡಿನಲ್ಲಿ ಬೇರೆ ಕೆಲಸಕ್ಕೆ ಹಚ್ಚಿದ್ದರು. ಮಧ್ಯಾಹ್ನ ಹುಡುಗಿಯ ಕಟ್ಟು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಕಸದ ಬುಟ್ಟಿಯಿಂದ, ಒಳಗಿಟ್ಟ ಚೀಲದ ಖಾಲಿ ಡಬ್ಬ ಎತ್ತಿ ನಂಬರು ಓದಿದಳು. ಅದನ್ನು ಹಿಡಿದುಕೊಂಡೇ ಮರಿ ಡಾಕ್ಟರ ಕೋಣೆಗೆ ನುಗ್ಗಿದಳು. ಅವನು ಚಹಾ ಕುಡಿಯುತ್ತಿದ್ದ. "ಅವಳು ಕೇಳಿದ್ಲು, ಕೊಟ್ಟೆ. ನೀವ್ಯಾಕೆ ಹೊಟ್ಟೆ ಉರ್ಕೊಳ್ತೀರಿ?" ಅಂದ.

ಮೂರನೆಯ ತಿಂಗಳಿಗೆ ಗಾಯ ಬಾಯಿಬಿಟ್ಟಿತು. ಕೀವಾಯಿತು. ಎರಡೂ ತೆಗೆಯಬೇಕಾಯಿತು. ಹುಡುಗಿಗೆ ಈಗ ಮೊದಲು ಇದ್ದಷ್ಟೂ ಇಲ್ಲ. ಎಡಗಡೆ ಚರ್ಮ ಎಳೆದು ಹೊಲಿದ ಗುಂಡಿ. ಅವಳ ತಂದೆ ಆರೋಗ್ಯ ಇಲಾಖೆಗೆ ದೂರು ಕೊಟ್ಟ. ವಿಚಾರಣೆಗೆ ಮೂರು ಜನರನ್ನು ನೇಮಿಸಿದರು. ಹಾಳೆ ತೆಗೆದು ನೋಡಿದರೆ ಪೆನ್ಸಿಲ್‌ನಲ್ಲಿ ಮುನ್ನೂರ ಎಪ್ಪತ್ತೈದು ಎಂದಿದೆ, ಕೆಳಗೆ ಅಕ್ಕನ ಸಹಿ ಇದೆ. ರಬ್ಬರು ಉಜ್ಜಿದ ಗುರುತು ಒಂದಿಷ್ಟು ಇತ್ತಂತೆ. ಉಜ್ಜಿದವರು ಯಾರು ಎಂದು ರಬ್ಬರು ಹೇಳುತ್ತದೆಯೇ? ಮರಿ ಡಾಕ್ಟರು ಕೈ ತೊಳೆದುಕೊಂಡ. "ಅಳತೆ ನರ್ಸಿಂದು. ನಾನು ಅವರನ್ನ ನಂಬ್ದೆ" ಎಂದು ಬರೆದುಕೊಟ್ಟ. ಆ ಹುಡುಗಿಯೂ ಅಕ್ಕ ಒಪ್ಪಿದ್ದಳೆಂದೇ ನಂಬಿಕೊಂಡು ಅಕ್ಕನ ಕಡೆಗೇ ಬೆರಳು ತೋರಿಸಿದಳು. ಕ್ಲಿನಿಕ್ಕಿನ ಮಿಕ್ಕವರು ತುಟಿಪಿಟಕ್ಕೆನ್ನಲಿಲ್ಲ.

ಅಕ್ಕ ವಿಚಾರಣೆಯವರಿಗೆ ತನ್ನ ಪದ್ಧತಿ ಹೇಳಿದಳು. ಪೆನ್ಸಿಲ್ ನನ್ನದು, ಪೆನ್ನು ಡಾಕ್ಟರದು, ಪೆನ್ನು ಬೀಳದ ಹಾಳೆ ಮುಗಿದ ಹಾಳೆಯಲ್ಲ. ಬೇಕಾದರೆ ಹಳೆಯ ಹಾಳೆಗಳನ್ನು ತೆಗೆದು ನೋಡಿ. ಅವರಲ್ಲಿ ಹಿರಿಯ ಡಾಕ್ಟರಮ್ಮ ಒಬ್ಬರಿದ್ದರು, ಅವರಿಗೆ ಇವಳ ಮಾತು ನಾಟಿತು ಅನ್ನಿಸುತ್ತದೆ. ಆದರೆ ಹಳೆಯ ರೋಗಿಗಳ ಹಾಳೆಯನ್ನು ಅವರ ಒಪ್ಪಿಗೆ ಇಲ್ಲದೆ ತೆರೆಯುವಂತಿಲ್ಲ ಎಂದರು. "ಒಬ್ಬರು ಸಾಕಮ್ಮ. ಹಳೇ ಡಾಕ್ಟರ ಕಾಲದವರು ಒಬ್ಬರು ಬಂದು, ನಮ್ಮೆದುರಿಗೆ ಒಪ್ಪಿಗೆ ಹೇಳಿ ಸಹಿ ಹಾಕ್ಲಿ. ಒಂದು ಹಾಳೆ ನೋಡಿದ್ರೆ ಸಾಕು." ಹದಿನೈದು ದಿನ ಗಡುವು. ಇಲ್ಲವಾದರೆ ನರ್ಸುಗಳ ಪಟ್ಟಿಯಿಂದ ಅಕ್ಕನ ಹೆಸರು ಹೋಗುತ್ತದೆ.

ಅಕ್ಕ ಯಾರನ್ನೂ ಕೇಳಲಿಲ್ಲ. "ಗುಟ್ಟು ಅವರ್ದು. ನಾನು ಹೋಗಿ ಬಾಗಿಲು ತಟ್ಟಿದ್ರೆ ಇಷ್ಟು ವರ್ಷ ಮಾಡಿದ್ದಕ್ಕೆ ಏನರ್ಥ?" ಎಂದು ಸುಮ್ಮನೆ ಕೂತಳು. ನನಗೆ ಮೈಯೆಲ್ಲ ಉರಿಯಿತು. ನಾನೇ ಹೊರಟೆ.

ಮೊದಲು ಹೋದದ್ದು ಒಬ್ಬ ಹೈಸ್ಕೂಲು ಮೇಡಂ ಹತ್ತಿರ. ಏಳು ಸಲ ನಾನು ತಲೆ ತೊಳೆದಿದ್ದೆ. ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿ, "ಯಾವ ಕ್ಲಿನಿಕ್ಕು? ನಂಗೆ ಗೊತ್ತೇ ಇಲ್ಲ" ಅಂದಳು. ಎರಡನೆಯವಳು ಔಷಧದಂಗಡಿಯವಳು. ಅವಳು ಅತ್ತಳು. ಅಕ್ಕನಿಗೆ ಒಂದು ಡಬ್ಬ ಬಿಸ್ಕತ್ತು ಕಳಿಸಿದಳು. ಬಿಸ್ಕತ್ತು ಇಟ್ಟುಕೊಂಡು ಸಾಕ್ಷಿ ಹೇಳಿಸಲಾಗುತ್ತದೆಯೇ? ನಾನೇ ದಾರಿಯಲ್ಲಿ ತಿಂದು ಮುಗಿಸಿದೆ, ಸಿಟ್ಟಿಗೆ.

ಮೂರನೆಯವಳು ವಕೀಲನ ಹೆಂಡತಿ. ಒಳಗೆ ಕರೆದು ಕೂರಿಸಿದಳು, ನೀರು ಕೊಟ್ಟಳು. ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳಿಂದ ನೀವು ನೆಟ್ಟಗೆ ನಿಂತಿರಿ, ಈಗ ಅವಳು ಬಿದ್ದಿದ್ದಾಳೆ, ಒಂದು ಸಹಿ ಹಾಕಲು ನಿಮಗೇನು ಧಾಡಿ ಎಂದೆ. ಪೆನ್ಸಿಲು, ಪೆನ್ನು, ಮೂರು ಸಲ ಅಳೆಯುವುದು, ಎಲ್ಲ ವಿವರಿಸಿದೆ. ಆಕೆ ತಣ್ಣಗೆ ಕೇಳಿಸಿಕೊಂಡಳು.

"ಪೆನ್ನಲ್ಲಿ ತಿದ್ದೋದು ಆಪರೇಷನ್ ಕೋಣೆ ಬಾಗ್ಲಲ್ಲಿ. ಅಲ್ಲಿ ನಿಂತೋರಿಗೆ ಮಾತ್ರ ಅದು ಗೊತ್ತು. ನಿಮ್ಗೆ ಹೇಗೆ ಗೊತ್ತು?"

ಕೊಟ್ಟ ನೀರಿನ ಲೋಟ ಎತ್ತಿ ಪೂರ್ತಿ ಕುಡಿದೆ.

"ನಾನು ತಲೆ ತೊಳೆಯೋಳು ಅಷ್ಟೇ" ಅಂದೆ.

ಆಕೆ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಬಾಗಿಲು ತೆರೆದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತ ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಅವತ್ತು ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಸ್ವೆಟರಿನ ಗುಂಡಿ ಹೊಲಿಯುತ್ತಿದ್ದಳು. "ಅಕ್ಕ, ನನ್ನ ಹಾಳೆ ಇದೆಯಲ್ಲ" ಎಂದು ಶುರು ಮಾಡಿದೆ. ಮಾತು ಮುಗಿಸಲು ಅವಳು ಬಿಡಲಿಲ್ಲ.

"ನೀನು ಬರ್ಬೇಡ. ವಿಚಾರಣೆ ಅಂದ್ರೆ ಹೆಸರು ಓದ್ತಾರೆ, ಕ್ಲಿನಿಕ್ಕಿನೋರು ಕೂತಿರ್ತಾರೆ. ನಿಂದು ಪಾರ್ಲರ್ ಕಣೇ. ಅಲ್ಲಿ ಬರೋ ಹೆಂಗಸರ ಬಾಯಿ ನಂಗಿಂತ ನಿಂಗೇ ಗೊತ್ತು. ನಾದಿನಿ ಕಿವಿಗೆ ಬಿದ್ರೆ ಅತ್ತೆ ಕಿವಿಗೆ ಎಷ್ಟೊತ್ತು?"

"ಹಂಗಲ್ಲ ಅಕ್ಕ..."

"ಬೇಡ ಅಂದೆನಲ್ಲ."

ನಾನು ಇನ್ನೊಂದು ಸಲ ಹೇಳಬೇಕಿತ್ತು. ಒಂದೇ ಒಂದು ಸಲ. ಅವಳೂ ಅದಕ್ಕೇ ಕಾದಿದ್ದಳು ಎಂದು ಈಗ ನನಗನಿಸುತ್ತದೆ, ಏಕೆಂದರೆ ದಾರ ಕಚ್ಚಿ ತುಂಡು ಮಾಡಿದ ಮೇಲೂ ಸೂಜಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಬಸ್ಸಿನಲ್ಲಿ ಕೂತಾಗ ನನಗೆ ಆದದ್ದು ದುಃಖವಲ್ಲ, ನಿರಾಳ. ಸುಳ್ಳು ಯಾಕೆ ಹೇಳಲಿ.

ಗಡುವಿನ ದಿನ ಜೊತೆಗಾದರೂ ಇರೋಣ ಎಂದು ಹೋದೆ. ಇಲಾಖೆಯ ಎರಡನೆಯ ಮಹಡಿ, ಉದ್ದನೆಯ ಬೆಂಚು, ಗೋಡೆಗೆ ಕೈ ತೊಳೆಯುವ ವಿಧಾನದ ಚಾರ್ಟು. ಅಕ್ಕ ಟೇಪನ್ನು ಚೀಲದೊಳಗೆ ಸುರುಳಿ ಸುತ್ತಿಟ್ಟಿದ್ದಳು. ಮರಿ ಡಾಕ್ಟರು ತನ್ನ ವಕೀಲನೊಂದಿಗೆ ನಮ್ಮ ಮುಂದೆಯೇ ಒಳಗೆ ಹೋದ, ನಮ್ಮ ಕಡೆ ನೋಡದೆ. ಸ್ವಲ್ಪ ಹೊತ್ತಿಗೆ ಅಲ್ಲಿಯ ಗುಮಾಸ್ತೆ ಹೊರಗೆ ಬಂದಳು. ಕೈಯಲ್ಲಿ ಒಪ್ಪಿಗೆಯ ಫಾರಂ ಇತ್ತು.

"ನಿಮ್ ಕಡೆಯಿಂದ ಹಳೇ ಪೇಷಂಟು ಯಾರಾದ್ರೂ ಬಂದಿದಾರಾ?"

ಗುಮಾಸ್ತೆ ನನ್ನ ಕಡೆ ತಿರುಗಿದಳು.

"ಇವರು?"

ಅಕ್ಕ ನನ್ನನ್ನು ನೋಡಲಿಲ್ಲ. ಎದುರಿನ ಚಾರ್ಟನ್ನು ನೋಡುತ್ತಲೇ ಕೂತಳು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದಳು. ಆ ಹೊತ್ತು ನನ್ನದಾಗಿತ್ತು. ನಾನು ಬಾಯಿ ತೆರೆಯಲಿಲ್ಲ.

"ನನ್ ತಂಗಿ" ಅಂದಳು ಅಕ್ಕ. "ಜೊತೆಗೆ ಬಂದಿದಾಳೆ ಅಷ್ಟೇ."

ಗುಮಾಸ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಅವಳಿಗೆ ಏನೂ ಕಾಣಲಿಲ್ಲ. ಫಾರಂ ಮಡಚಿಕೊಂಡು ಒಳಗೆ ಹೋದಳು.

ಅಕ್ಕನ ಹೆಸರು ತೆಗೆದರು. ಮರಿ ಡಾಕ್ಟರಿಗೆ ಎಚ್ಚರಿಕೆಯ ಪತ್ರ ಬಂತು. ಅವನ ಕ್ಲಿನಿಕ್ಕು ಈಗಲೂ ನಡೆಯುತ್ತಿದೆ. ಬೋರ್ಡಿನ ಮೇಲೆ "ಸಹಜ, ಸುರಕ್ಷಿತ" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾನೆ. ಅಕ್ಕ ಶಾಲಾ ಸಮವಸ್ತ್ರದ ಅಂಗಡಿಯೊಂದರಲ್ಲಿ ಮಕ್ಕಳ ತೋಳು, ಸೊಂಟ ಅಳೆಯುತ್ತಾಳೆ. ಈಗ ಪೆನ್ನಿನಲ್ಲೇ ಬರೆಯುತ್ತಾಳೆ.

ಆದರೂ ನನ್ನ ಆಪರೇಷನ್ ಆದ ತಿಂಗಳು ಬಂದರೆ ಪ್ರತಿ ವರ್ಷ ಅವಳ ಫೋನು ತಪ್ಪುವುದಿಲ್ಲ. ಈ ವರ್ಷವೂ ಬಂತು. "ಹತ್ತು ತುಂಬ್ತು. ಸ್ಕ್ಯಾನ್ ಮಾಡ್ಸು. ಜನ್ಮಪೂರ್ತಿ ಇರೋ ಸಾಮಾನಲ್ಲ ಅದು." ಬೇರೊಂದು ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರು ಕಾರ್ಡು ಕೇಳಿದರು. ಹರಿದದ್ದು ನೆನಪಾಯಿತು. ಹಾಗಾದರೆ ಹಳೆಯ ಕ್ಲಿನಿಕ್ಕಿನಿಂದ ಅಳತೆಯ ಹಾಳೆ ತನ್ನಿ ಎಂದರು.

ಹೋದೆ. ಹೊಸ ಸೋಫಾದ ಮೇಲೆ ಕೂತೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಒಂದು ಫಾರಂ ಕೊಟ್ಟಳು. ಹಳೆಯ ಹಾಳೆ ತೆರೆಯಲು ನನ್ನ ಒಪ್ಪಿಗೆ ಇದೆ ಎಂದು ಬರೆದಿತ್ತು. ಹೆಸರು ಬರೆದೆ, ಸಹಿ ಹಾಕಿದೆ. ಎರಡು ನಿಮಿಷ ಹಿಡಿಯಿತು. ಯಾರೂ ತಲೆ ಎತ್ತಿ ನೋಡಲಿಲ್ಲ.

ಹಾಳೆ ಬಂತು. ಎಡ, ಬಲ ಎಂದು ಅಕ್ಕನ ದುಂಡನೆಯ ಪೆನ್ಸಿಲ್ ಅಂಕಿಗಳು. ಅವುಗಳ ಮೇಲೆ ಹಳೇ ಡಾಕ್ಟರ ನೀಲಿ ಪೆನ್ನು, ಪಕ್ಕದಲ್ಲಿ ಅವರ ಸಹಿ. ಅವಳು ಹೇಳಿದ್ದ ಹಾಗೇ, ಒಂದಕ್ಷರ ಆಚೀಚೆ ಇಲ್ಲದೆ.

ನೇರ ಅಕ್ಕ ಕೆಲಸ ಮಾಡುವ ಅಂಗಡಿಗೆ ಹೋದೆ. "ಅಕ್ಕ, ಇದನ್ನ ಇಲಾಖೆಗೆ ಕೊಡೋಣ, ಈಗ್ಲೇ ಹೋಗೋಣ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

"ಅದೆಲ್ಲ ಮುಗೀತು. ಮೇಲ್ಮನವಿಗೆ ಮೂರು ತಿಂಗಳು ಕೊಟ್ಟಿದ್ರು. ಎರಡು ವರ್ಷ ಆಯ್ತು."

ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಡಾಕ್ಟರ ಸಹಿಯ ಮೇಲೆ ಒಂದು ಸಲ ಬೆರಳಾಡಿಸಿದಳು. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟಳು.

"ಅಳತೆ ಸರಿಯಾಗೇ ಇದೆ. ಜೋಪಾನ ಮಾಡು, ಇದನ್ನೂ ಹರಿದುಹಾಕ್ಬೇಡ. ಸ್ಕ್ಯಾನ್ ಮಾಡೋರು ಕೇಳ್ತಾರೆ."